ಕೀಲು ನೋವಿಗೆ ಚಿನ್ನ ಮದ್ದೇ?

ಬೆಳಿಗ್ಗೆ ಏಳುವಾಗ ನಿಮ್ಮ ಬೆರಳುಗಳು ಮಡಚಲಾಗದಷ್ಟು ಬಿಗಿದಿರುತ್ತವೆಯೇ? ರೊಟ್ಟಿ ತಟ್ಟಲು, ಬಟ್ಟೆ ಹಿಂಡಲು ಒಂದು ತಾಸಾದರೂ ಕಾಯಬೇಕೇ? ಎರಡೂ ಕೈಗಳ ಕೀಲುಗಳು ಊದಿಕೊಂಡು ವಾರಗಟ್ಟಲೆ ನೋಯುತ್ತಿದ್ದರೆ ಬರೀ ವಾಯು ಎಂದು ತಳ್ಳಿಹಾಕಬೇಡಿ. ಅದು ರುಮಟಾಯ್ಡ್ ಸಂಧಿವಾತ ಇರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಎರಡು-ಮೂರು ಪಟ್ಟು ಹೆಚ್ಚು.

ಒಂದು ಕಾಲದಲ್ಲಿ ಇದಕ್ಕೆ ಚಿನ್ನವನ್ನೇ ಚುಚ್ಚುತ್ತಿದ್ದರು! 1929ರಲ್ಲಿ ಫ್ರಾನ್ಸಿನ ವೈದ್ಯ ಜಾಕ್ ಫಾರೆಸ್ಟಿಯೇ ಚಿನ್ನದ ಲವಣದ ಇಂಜೆಕ್ಷನ್‌ನಿಂದ ಗುಣ ಕಂಡದ್ದನ್ನು ಪ್ರಕಟಿಸಿದರು. 1985ರಲ್ಲಿ ಅಮೆರಿಕದಲ್ಲಿ ಆರಾನೋಫಿನ್ ಎಂಬ ಚಿನ್ನದ ಔಷಧಿಗೂ ಅನುಮತಿ ದೊರೆಯಿತು. ಇದನ್ನು ಬಾಯಿಯ ಮೂಲಕ ಸೇವಿಸಬಹುದಿತ್ತು. ಗುಣ ಕಾಣಲು ತಿಂಗಳುಗಳೇ ಬೇಕಾಗುತ್ತಿದ್ದವು. ಆದರೆ ಅಡ್ಡ ಪರಿಣಾಮಗಳು ಅನೇಕ.

* ಚರ್ಮದಲ್ಲಿ ತುರಿಕೆ, ದದ್ದು, ಬಾಯಿಹುಣ್ಣು
* ಬಾಯಿಯ ಮೂಲಕ ಸೇವಿಸಿದವರಿಗೆ ಭೇದಿ
* ಮೂತ್ರಪಿಂಡಕ್ಕೆ ಹಾನಿಯಾಗಿ ಮೂತ್ರದಲ್ಲಿ ಪ್ರೋಟೀನ್ ಸೋರಿಕೆ
* ರಕ್ತಕಣಗಳ ಕುಸಿತ
* ಬಹುಕಾಲ ಪಡೆದವರಲ್ಲಿ ಬಿಸಿಲು ತಾಗುವ ಚರ್ಮ ಬೂದು ಬಣ್ಣಕ್ಕೆ ತಿರುಗುವುದು

ಮೂತ್ರಪಿಂಡ ಮತ್ತು ರಕ್ತದ ತೊಂದರೆ ಆರಂಭದಲ್ಲಿ ರೋಗಿಗೆ ತಿಳಿಯುವುದೇ ಇಲ್ಲ. ಆದ್ದರಿಂದಲೇ ಚಿನ್ನದ ಇಂಜೆಕ್ಷನ್ ಪಡೆಯುವವರಿಗೆ ರಕ್ತ, ಮೂತ್ರದ ಪರೀಕ್ಷೆಯನ್ನು ಪದೇ ಪದೇ ಮಾಡುತ್ತಿದ್ದರು.

ಇಂದು ಚಿನ್ನದ ಚಿಕಿತ್ಸೆ ಬಹುತೇಕ ನಿಂತಿದೆ. ಅದರ ಸ್ಥಾನದಲ್ಲಿ ಮೆಥೋಟ್ರೆಕ್ಸೇಟ್ ಮಾತ್ರೆ ಬಂದಿದೆ. ಆದರೆ ಎಚ್ಚರಿಕೆ ಅದೇ. ಈ ಮಾತ್ರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ಮಗು ಬೇಕೆಂದಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಬ್ಬಸ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ. ನೋವು ಕಡಿಮೆಯಾಯಿತೆಂದು ರಕ್ತಪರೀಕ್ಷೆ ತಪ್ಪಿಸಬೇಡಿ.

ದಾವಣಗೆರೆಯಲ್ಲಿ ಜಿಲ್ಲಾ ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿವೆ. ಹರಿಹರದ ಸಹೋದರಿಯರೇ, ಪ್ರತಿ ಪರೀಕ್ಷೆಗೂ ಬಸ್ಸು ಹತ್ತಬೇಕೆಂದಿಲ್ಲ. ರಕ್ತ, ಮೂತ್ರದ ಸಾಮಾನ್ಯ ಪರೀಕ್ಷೆಗಳನ್ನು ಊರಲ್ಲೇ ಮಾಡಿಸಿ ವರದಿ ಕೊಂಡೊಯ್ಯಬಹುದೇ ಎಂದು ವೈದ್ಯರನ್ನು ಕೇಳಿ. ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ.

ಸ್ವರ್ಣಭಸ್ಮಕ್ಕೂ ಈ ಚಿನ್ನದ ಇಂಜೆಕ್ಷನ್ನಿಗೂ ಸಂಬಂಧವಿಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಸಂಶಯಪಡಿ; ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ದೀರ್ಘಕಾಲ ಸೇವಿಸಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ ಬಂದೀತು. ಹಠಾತ್ತನೆ ಬಿಡುವುದೂ ಅಪಾಯ. ಪುಡಿಯನ್ನು ವೈದ್ಯರಿಗೇ ತೋರಿಸಿ.

ರಮಝಾನಿನಲ್ಲಿ ಮಾತ್ರೆ ಬಿಡುವ ಮೊದಲು ವೈದ್ಯರನ್ನು ವಿಚಾರಿಸಿ. ರೋಗಿಗೆ ಅಲ್ಲಾಹನೇ ಉಪವಾಸದಲ್ಲಿ ರಿಯಾಯಿತಿ ನೀಡಿದ್ದಾನೆ. ಪ್ರವಾದಿ(ಸ)ರು ಚಿಕಿತ್ಸೆ ಪಡೆಯಲು ಕಲಿಸಿದ್ದಾರೆ. ಮನೆಯವರೆಲ್ಲರ ಔಷಧಿಯನ್ನು ನೆನಪಿಟ್ಟು ಕೊಡುವ ನೀವು ನಿಮ್ಮ ಪರೀಕ್ಷೆಯ ದಿನವನ್ನೂ ಮರೆಯಬೇಡಿ.