ಊರಿಗೆ ತಕ್ಕ ಆಪತ್ತು, ಆಪತ್ತಿಗೆ ತಕ್ಕ ವಿಮೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಲ್ಲಿ ಜೀವವಿಮೆಯ ಕಂತನ್ನು ತಪ್ಪದೆ ಕಟ್ಟುವವರು ಅನೇಕರಿದ್ದಾರೆ. ಆದರೆ ಹೋಟೆಲಿನ ಒಲೆಯ ಮುಂದೆ ಬೆಂದು, ಕಚೇರಿಯ ಲೆಕ್ಕಪತ್ರಗಳ ಮೇಲೆ ಬೆನ್ನು ಬಾಗಿಸಿ ಸಂಪಾದಿಸಿದ ಮನೆಗೆ ವಿಮೆ ಮಾಡಿಸಿದವರನ್ನು ನಮ್ಮ ಬಳಗದಲ್ಲಿ ಕಾಣುವುದು ಅಪರೂಪ. ಇಷ್ಟು ವರ್ಷ ಆಗದ್ದು ಇನ್ನೇನು ಆದೀತು ಎಂಬುದೇ ನಮ್ಮ ಸಮಾಧಾನ.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂದು ಕೆಳ ಅಂತಸ್ತಿನವರ ಹಾಸಿಗೆ, ಕಪಾಟು, ಅಕ್ಕಿಯ ಡಬ್ಬಿ ಎಲ್ಲವೂ ನೀರುಪಾಲಾದವು. ಚೆನ್ನೈಗೆ 2015ರ ಡಿಸೆಂಬರಿನಲ್ಲಿ, ಹೈದರಾಬಾದಿಗೆ 2020ರ ಅಕ್ಟೋಬರಿನಲ್ಲಿ ಅದೇ ಗತಿ ಬಂದಿತು. ಪುಣೆಯ ಹಿರಿಯರಂತೂ 1961ರಲ್ಲಿ ಪಾನಶೆತ್ ಅಣೆಕಟ್ಟು ಒಡೆದುದನ್ನು ಮರೆತಿಲ್ಲ. ದೆಹಲಿಯಲ್ಲಿ ನೀರಿನ ಭಯದೊಡನೆ ಭೂಕಂಪದ ಭಯವೂ ಸೇರಿದೆ. ಆದುದರಿಂದ ವಿಮೆಯ ಕಾಗದಕ್ಕೆ ರುಜು ಹಾಕುವ ಮುನ್ನ ನಾವಿರುವ ಊರು ಯಾವುದು, ಬೀದಿ ತಗ್ಗಿನದೇ, ಬಿಡಾರ ಎಷ್ಟನೆಯ ಮಹಡಿಯದು ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು.

2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆವಿಮೆ ಬಳಕೆಗೆ ಬಂದಿದೆ. ಬೆಂಕಿ, ಸಿಡಿಲು, ಭೂಕಂಪ, ಚಂಡಮಾರುತ, ನೆರೆ, ಭೂಕುಸಿತ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಬೇರೆ ಹೆಸರಿನ ವಿಮೆ ಕೊಳ್ಳುವವರು ಭೂಕಂಪ ಮತ್ತು ನೆರೆ ಎಂಬ ಎರಡು ಮಾತುಗಳನ್ನು ಕಾಗದದಲ್ಲಿ ಬೆರಳಿಟ್ಟು ಹುಡುಕತಕ್ಕದ್ದು. ಏಜೆಂಟರ ಬಾಯಿಮಾತು ಕ್ಲೇಮಿನ ದಿನ ಉಪಯೋಗಕ್ಕೆ ಬಾರದು.

ಎಷ್ಟು ಮೊತ್ತಕ್ಕೆ ಎಂಬಲ್ಲಿಯೇ ಹಲವರು ಎಡವುತ್ತಾರೆ. ಮುಂಬಯಿಯ ಮನೆಯ ಬೆಲೆಯಲ್ಲಿ ಹೆಚ್ಚಿನ ಪಾಲು ನೆಲದ್ದು, ನೆಲ ಕೊಚ್ಚಿಹೋಗುವುದಿಲ್ಲ. ವಿಮೆ ಬೇಕಾದುದು ಮನೆಯನ್ನು ಮತ್ತೆ ಕಟ್ಟುವ ವೆಚ್ಚಕ್ಕೆ. ಉದಾಹರಣೆಗೆ, 400 ಚದರ ಅಡಿಯ ಮನೆಯನ್ನು ಅಡಿಗೆ 2,500 ರೂಪಾಯಿಯಂತೆ ಕಟ್ಟಬಹುದಾದರೆ ವಿಮೆಯ ಮೊತ್ತ 10 ಲಕ್ಷ. ಅದೇ ಮನೆ ಪೇಟೆಯಲ್ಲಿ ಎಷ್ಟು ಪಟ್ಟಿಗೆ ಮಾರಿದರೂ ಈ ಲೆಕ್ಕ ಬದಲಾಗದು. ಕಟ್ಟಡದ ಮೊತ್ತದ ನೂರಕ್ಕೆ 20ರಷ್ಟು, 10 ಲಕ್ಷ ಮೀರದಂತೆ, ಮನೆಯ ಸಾಮಾನುಗಳಿಗೂ ಈ ವಿಮೆ ತಾನಾಗಿಯೇ ಅನ್ವಯಿಸುತ್ತದೆ. ಮೇಲಿನ ಮನೆಗೆ ಅದು 2 ಲಕ್ಷವಾಯಿತು. ಒಡವೆಗಳಿಗೆ ಪ್ರತ್ಯೇಕ ರಕ್ಷಣೆ ಕೇಳಿ ಪಡೆಯಬೇಕು. ಡಬ್ಬಿಯಲ್ಲಿ ಬಚ್ಚಿಟ್ಟ ನೋಟುಗಳಿಗೆ ಪರಿಹಾರವಿಲ್ಲ. ಅವು ಬ್ಯಾಂಕಿನಲ್ಲಿರುವುದೇ ಲೇಸು.

ಚಾಳಿನ ಖೋಲಿಯಲ್ಲಿ ಬಾಡಿಗೆಗಿರುವವನಿಗೆ ಕಟ್ಟಡದ ಚಿಂತೆ ಬೇಡ. ಸಾಮಾನುಗಳಿಗೆ ಮಾತ್ರ ವಿಮೆ ಮಾಡಿಸಬಹುದು. ಮಹಾರಾಷ್ಟ್ರದ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳು ಕಟ್ಟಡವನ್ನು ಬೆಂಕಿ ಮತ್ತು ಭೂಕಂಪಗಳಿಗೆ ವಿಮೆ ಮಾಡಿಸಬೇಕೆನ್ನುತ್ತವೆ. ಮಾಡಿಸಿದ್ದಾರೆಯೇ, ನೆರೆಯೂ ಸೇರಿದೆಯೇ ಎಂದು ಕಾರ್ಯದರ್ಶಿಯನ್ನು ಕೇಳುವ ಹಕ್ಕು ಸದಸ್ಯನಿಗಿದೆ. ಸಾಲ ಪಡೆದು ಮನೆ ಕೊಂಡವರು ಇನ್ನೊಂದನ್ನು ನೋಡಿಕೊಳ್ಳಬೇಕು. ಸಾಲದೊಡನೆ ಬಂದ ವಿಮೆ ಸಾಲಗಾರನ ಜೀವದ್ದೋ, ಮನೆಯದೋ? ಜೀವದ್ದಾದರೆ ಗೋಡೆ ಬಿದ್ದಾಗ ಅದರಿಂದ ಒಂದು ಕಾಸೂ ಹುಟ್ಟದು.

ಇನ್ನು ಊರಿನ ಮನೆ. ಬಿಡಾರ ಇಲ್ಲಿದ್ದರೂ ನಮ್ಮಲ್ಲನೇಕರ ಜೀವ ಅಲ್ಲಿಯೇ ಇದೆ. ತಂದೆತಾಯಿಗಳಿರುವುದೂ, ಕಳಿಸಿದ ಹಣದಿಂದ ಹಂಚು ಹೊದಿಸಿದ್ದೂ ಅಲ್ಲಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ಮನೆಗಳಿಗೆ ನೀರು ನುಗ್ಗಿತು. ಇವೆರಡಕ್ಕೂ ವಿಮೆಯ ಆಸರೆಯುಂಟು. ಆದರೆ ಕಡಲ್ಕೊರೆತಕ್ಕೂ ನದಿಯ ದಡ ಕೊರೆದು ಆಗುವ ಹಾನಿಗೂ ಇಲ್ಲ. ಸಮುದ್ರದ ಅಂಚಿನಲ್ಲಿ ಮನೆಯುಳ್ಳ ನಮ್ಮ ಕರಾವಳಿಯವರು ಇದನ್ನು ಮೊದಲೇ ತಿಳಿದಿರಬೇಕು. ವರ್ಷದಲ್ಲಿ ಹತ್ತು ತಿಂಗಳು ಬೀಗ ಬಿದ್ದಿರುವ ಮನೆಯಾದರೆ ಆ ಸಂಗತಿಯನ್ನೂ, ಗೋಡೆ ಮಣ್ಣಿನದೋ ಮಾಡು ಸೋಗೆಯದೋ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಅರ್ಜಿಯಲ್ಲಿ ಬರೆದು, ಕಂಪೆನಿಯ ಉತ್ತರವನ್ನು ಲಿಖಿತವಾಗಿ ಪಡೆಯುವುದು ಕ್ಷೇಮ.

ಆಪತ್ತು ಬಂದೇಬಿಟ್ಟರೆ ಕಂಪೆನಿಗೆ ತಡವಿಲ್ಲದೆ ತಿಳಿಸಬೇಕು. ಕೆಸರು ತೊಳೆಯುವ ಮೊದಲು ಮೊಬೈಲಿನಲ್ಲಿ ಚಿತ್ರಗಳನ್ನು ತೆಗೆಯಬೇಕು. ಸರ್ವೇಯರ್ ಬಂದು ನೋಡುವ ತನಕ ಹಾಳಾದ ಸಾಮಾನನ್ನು ಗುಜರಿಗೆ ಹಾಕಬಾರದು. ವಿಮೆಯ ಪ್ರತಿ ನೀರಿಗೆ ಸಿಕ್ಕದಂತೆ ಊರಿನ ಬಂಧುವೊಬ್ಬರಲ್ಲೂ ಒಂದಿರಲಿ.

ಕಂಪೆನಿ ದೂರನ್ನು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳು ಉತ್ತರವನ್ನೇ ಕೊಡದಿದ್ದರೆ, ವಿಮಾ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. ಅವರ ಕಚೇರಿಗಳು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೂ ಇವೆ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.