ಅಪ್ಪಯ್ಯನ ಕೇಪಿನ ಕೋವಿ

ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಅರಬೈಲ್ ಘಟ್ಟದಲ್ಲಿ ತಿರುವು ತಿರುವಾಗಿ ಇಳಿಯುತ್ತದೆ. ಆ ಘಟ್ಟದ ಮಗ್ಗುಲಿನ ಅಡಕೆ ತೋಟದ ಮನೆಯೊಂದರಲ್ಲಿ ನಾನು ಬೆಳೆದೆ. ಜಗುಲಿಯ ಗೋಡೆಯ ಎರಡು ಗೂಟಗಳ ಮೇಲೆ ಅಪ್ಪಯ್ಯನ ಕೋವಿ ಇರುತ್ತಿತ್ತು. ಇಂದು ಆ ಗೂಟಗಳಿಗೆ ಕೊಡೆ ತೂಗುಹಾಕುತ್ತಾರೆ. ಕೋವಿಯನ್ನು ನೆನೆದಾಗಲೆಲ್ಲ ತೆಂಗಿನೆಣ್ಣೆ ಮತ್ತು ಗಂಧಕ ಬೆರೆತ ಅದರ ವಾಸನೆ ಮೂಗಿಗೆ ಬಡಿದಂತಾಗುತ್ತದೆ.

ಅದು ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಕೇಪಿನ ಕೋವಿ. ಪೆಟ್ಲುಪ್ಪು ಸುಮಾರು 75 ಪಾಲು, ಇದ್ದಿಲು 15, ಗಂಧಕ 10: ಇದೇ ಕರಿಮದ್ದಿನ ಹದ. ಅಳೆದ ಮದ್ದನ್ನು ನಳಿಗೆಗೆ ಸುರಿದು, ನಾರು ತುರುಕಿ, ಗಜದಿಂದ ಜಡಿಯಬೇಕು. ಮೇಲೆ ಚರೆಯನ್ನೋ ಗುಂಡನ್ನೋ ಇಳಿಸಿ ಮತ್ತೆ ನಾರು. ಕೊನೆಗೆ ಹಿಂಬದಿಯ ತೂತಿನ ಮೊಳೆಗೆ ತಾಮ್ರದ ಪುಟ್ಟ ಟೋಪಿಯಂಥ ಕೇಪು. ಕುದುರೆಯೆಂದು ಕರೆಯುವ ಸುತ್ತಿಗೆ ಬಡಿದೊಡನೆ ಕೇಪು ಸಿಡಿದು, ಕಿಡಿ ತೂತಿನಿಂದ ಒಳಹೊಕ್ಕು ಮದ್ದನ್ನು ಹೊತ್ತಿಸುತ್ತದೆ.

ಈ ಉಪಾಯದ ಮೂಲ ಒಬ್ಬ ಪಾದ್ರಿಯದೆಂದರೆ ಸೋಜಿಗವಾದೀತು. ಹಿಂದೆ ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುತ್ತಿದ್ದರು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಹಕ್ಕಿಬೇಟೆಯ ಗೀಳು. ಕಲ್ಲಿನ ಕಿಡಿ ಮಿಂಚಿದೊಡನೆ, ಗುಂಡು ತಲುಪುವ ಮೊದಲೇ ಹಕ್ಕಿ ಹಾರಿಹೋಗುತ್ತಿತ್ತಂತೆ. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದಲೇ ಮುಂದೆ ಕೇಪು ರೂಪುಗೊಂಡಿತು.

ತೋಟಾ ಕೋವಿಗಳು ಬಂದ ಎಷ್ಟೋ ಕಾಲದ ಮೇಲೂ ನಮ್ಮ ಕಡೆ ಕೇಪಿನ ಕೋವಿ ಉಳಿದದ್ದಕ್ಕೆ ಕಾನೂನೂ ಒಂದು ಕಾರಣ. ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು 1959ರ ಶಸ್ತ್ರಾಸ್ತ್ರ ಕಾಯಿದೆ ಹೆಸರು ಹಿಡಿದು ಅವಕಾಶ ಮಾಡಿದೆ. ಅದು ಬೇಟೆಯ ಪರವಾನಗಿಯಲ್ಲ. ಅಪ್ಪಯ್ಯ ಮಂಗ, ಹಂದಿಗಳನ್ನು ಓಡಿಸಲು ಬರಿಮದ್ದಿನ ಈಡನ್ನೇ ಹೊಡೆಯುತ್ತಿದ್ದ. ಘಟ್ಟದ ಕಣಿವೆ ಆ ಸದ್ದನ್ನು ನಾಲ್ಕು ಪಾಲು ಮಾಡಿ ಹಿಂತಿರುಗಿಸುತ್ತಿತ್ತು.

ಗುಂಡು ತುಂಬುತ್ತಿದ್ದದ್ದು ವರ್ಷಕ್ಕೊಮ್ಮೆ. ಆಯುಧಪೂಜೆಯ ಮರುದಿನ ಹಲಸಿನ ಮರಕ್ಕೆ ಅಡಕೆ ಹಾಳೆ ಕಟ್ಟಿ, ಕವಳದ ಸುಣ್ಣದಿಂದ ನಡುವೆ ಒಂದು ಬೊಟ್ಟು ಇಡುತ್ತಿದ್ದ. ನನಗೆ ಮೀಸೆ ಚಿಗುರಿದ ವರ್ಷ ಕೋವಿಯನ್ನು ನನ್ನ ಕೈಗಿತ್ತು, "ತಮಾ, ಇಪ್ಪದು ಒಂದೇ ಈಡು. ನೋಡ್ಕ್ಯಂಡು ಹೊಡಿ" ಅಂದ. ಇನ್ನೊಮ್ಮೆ ತುಂಬಬೇಕಾದರೆ ಎಷ್ಟು ಹೊತ್ತು ಬೇಕೆಂಬುದನ್ನು ಬಲ್ಲವನು ಅವಸರಪಡಲಾರ. ಉಸಿರು ಹಿಡಿದು ನೋಡುವುದನ್ನು ನಾನು ಕಲಿತದ್ದು ಆ ಕೋವಿಯ ಹಿಂದೆ ನಿಂತು. ಬೊಟ್ಟಿಗೆ ತಗುಲಲಿಲ್ಲ, ಹಾಳೆಯ ಅಂಚು ಹರಿಯಿತು. ಕರಿಮದ್ದಿನ ಮಸಿ ತೇವವನ್ನು ಎಳೆದು ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ಅಂದೇ ಬಿಸಿನೀರಿನಿಂದ ನಳಿಗೆ ತೊಳೆದು ಎಣ್ಣೆ ಹಚ್ಚುವ ಕೆಲಸವೂ ನನ್ನದಾಯಿತು.

ಅಪ್ಪಯ್ಯ ತೀರಿಕೊಂಡ. ಪರವಾನಗಿ ಇದ್ದದ್ದು ಅವನ ಹೆಸರಿನಲ್ಲಿ. ಅದು ಅವನೊಂದಿಗೇ ಮುಗಿಯಿತು. ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಕೋವಿಯನ್ನು ಒಪ್ಪಿಸಬೇಕು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಹೊತ್ತೊಯ್ದು ಇಡುವ ಕೆಲಸ ತಮ್ಮನಿಗೆ ಬೇಡವಾಗಿತ್ತು. ನಾನು ಧಾರವಾಡದಲ್ಲಿ ನೌಕರಿಯಲ್ಲಿದ್ದೆ. ಒಂದು ಅರ್ಜಿ ಬರೆಯುವಷ್ಟು ಪುರುಸೊತ್ತು ನನಗಿರಲಿಲ್ಲವೆಂದರೆ ಸುಳ್ಳಾದೀತು. ಕೋವಿಯನ್ನು ಒಪ್ಪಿಸಿ ರಸೀದಿ ತಂದೆ. ಅದು ಮತ್ತೆ ಮನೆಗೆ ಬರಲಿಲ್ಲ.

ಈಗ ತಮ್ಮ ಮಂಗಗಳಿಗೆ ಪಟಾಕಿ ಹಚ್ಚುತ್ತಾನೆ. ಹಳೆಯ ಗುಂಡುಗಳು ಮಾತ್ರ ಹಲಸಿನ ಮರದೊಳಗೇ ಇವೆ. ಮೇಲೆ ತೊಗಟೆ ಬೆಳೆದು ಮುಚ್ಚಿದೆ. ಊರಿಗೆ ಹೋದಾಗಲೆಲ್ಲ ಆ ಗಂಟುಗಳ ಮೇಲೆ ಕೈಯಾಡಿಸುತ್ತೇನೆ. ಎಲ್ಲಕ್ಕಿಂತ ಬದಿಯಲ್ಲಿರುವುದು ನನ್ನದು.