ಹಳ್ಳಿಯೋ, ಹಲ್ಲಿಯೋ?

“ಅಮ್ಮಾ, ಈ ಸಲ ಅಜ್ಜಿಯ ಹಲ್ಲಿಗೆ ಹೋಗ್ತೀವಾ?” ಎಂದು ಮಗಳು ಕೇಳಿದಾಗ ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಗೋಡೆಯ ಮೇಲಿನ ಹಲ್ಲಿಯೇ ಬೇರೆ, ಅಜ್ಜಿಯ ಹಳ್ಳಿಯೇ ಬೇರೆ ಎಂದು ಬಿಡಿಸಿ ಹೇಳಿದರೆ, “ಎರಡು ಸಲವೂ ನೀನು ಒಂದೇ ಹೇಳಿದೆ” ಎಂದಳು. ನನ್ನ ನಗು ಅಲ್ಲಿಗೇ ನಿಂತಿತು. ತೊಡಕು ನಾಲಿಗೆಯದಲ್ಲ, ಕೇಳಿಸಿಕೊಳ್ಳುವ ಮಿದುಳಿನದು.

ಕಿವಿಗೆ ಬಿದ್ದ ಸದ್ದು ಕೊನೆಗೆ ತಲುಪುವುದು ಮಿದುಳಿನ ಎರಡೂ ಪಕ್ಕಗಳಲ್ಲಿರುವ ಆಡಿಟರಿ ಕಾರ್ಟೆಕ್ಸ್ ಎಂಬ ಪದರವನ್ನು. ಅಲ್ಲಿ ಹಾರ್ಮೋನಿಯಂ ಮನೆಗಳಂತೆ ಒಂದೊಂದು ಸ್ಥಾಯಿಗೆ ಒಂದೊಂದು ಜಾಗ. ಆದರೆ ಈ ಮನೆಗಳ ಅಳತೆ ಬದಲಾಗುತ್ತದೆ! 1998ರಲ್ಲಿ ಕ್ಯಾಲಿಫೋರ್ನಿಯಾದ ಕಿಲ್‌ಗಾರ್ಡ್ ಮತ್ತು ಮರ್ಜೆನಿಕ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಒಂದು ಸ್ವರ ಕೇಳಿಸುತ್ತಾ, ಅದೇ ಹೊತ್ತಿಗೆ ಗಮನಕ್ಕೆ ಸಂಬಂಧಿಸಿದ ಮಿದುಳಿನ ಇನ್ನೊಂದು ಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಕೆಲವೇ ವಾರಗಳಲ್ಲಿ ಆ ಸ್ವರದ ಜಾಗ ಹಿಗ್ಗಿತ್ತು. ಬರೀ ಕೇಳಿದರೆ ಸಾಲದು, ‘ಇದು ಮುಖ್ಯ’ ಎಂದು ಮಿದುಳಿಗೆ ಅನ್ನಿಸಬೇಕು.

ನಮಗೆ ಇನ್ನೂ ಹತ್ತಿರದ್ದು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ತಾಯಿಯ ತೊಡೆಯ ಮೇಲೆ ಕೂತ ಕೂಸಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸುತ್ತಾರೆ. ಸದ್ದು ಬದಲಾದಾಗ ಕೂಸು ತಲೆ ತಿರುಗಿಸಿದರೆ ಗೊಂಬೆಯೊಂದು ದೀಪ ಹೊತ್ತಿಸಿಕೊಂಡು ಕುಣಿಯುತ್ತದೆ. ಇಂಗ್ಲಿಷ್ ಮನೆಯ 6-8 ತಿಂಗಳ ಕೂಸುಗಳು ಬಹುಪಾಲು ಸರಿಯಾಗಿಯೇ ತಿರುಗಿದವು. ವರ್ಷ ತುಂಬುವ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವಕ್ಕೆ ‘ತ’ವೂ ಒಂದೇ, ‘ಟ’ವೂ ಒಂದೇ. ಹಿಂದಿ ಮನೆಯ ಕೂಸುಗಳಿಗೆ ಮಾತ್ರ ಆ ವ್ಯತ್ಯಾಸ ಉಳಿದಿತ್ತು.

ಇದನ್ನು ಓದಿ ನನಗೆ ಕಸಿವಿಸಿಯಾಯಿತು. ‘ಎರಡು ಭಾಷೆಯಾದರೆ ಮಗುವಿಗೆ ಗೊಂದಲ’ ಎಂಬ ಮಾತು ನಂಬಿ, ಮೊದಲ ಎರಡು ವರ್ಷ ಮನೆಯಲ್ಲೂ ಇಂಗ್ಲಿಷನ್ನೇ ಆಡಿದವರು ನಾವು. ಕನ್ನಡದ ಸಿಡಿ ಹಾಕಿದ್ದೆವಲ್ಲ ಎನ್ನೋಣವೆಂದರೆ ಅದಕ್ಕೂ ಉತ್ತರವಿದೆ. 2003ರಲ್ಲಿ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಮಾತು ಕೇಳಿಸಿದರು. ಎದುರು ಕೂತು ಆಡಿಸಿದವರಿಂದ 12 ಸರದಿಗಳಲ್ಲೇ ಕಲಿತವು; ಅದೇ ಮಾತನ್ನು ಟೀವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಇಂಗ್ಲಿಷಿನ ‘ರ’ ಮತ್ತು ‘ಲ’ ಗುರುತಿಸಲು ಒದ್ದಾಡುವ ಜಪಾನೀ ವಯಸ್ಕರಿಗೆ ಇಂಡಿಯಾನಾ ವಿಶ್ವವಿದ್ಯಾಲಯದವರು ಹಲವು ಜನರ ದನಿಯಲ್ಲಿ ಜೋಡಿಪದ ಕೇಳಿಸಿ, ಪ್ರತಿ ಸಲವೂ ಸರಿ-ತಪ್ಪು ತಿಳಿಸುತ್ತಾ ಹೋದಾಗ ಕಿವಿ ಸುಧಾರಿಸಿತು ಎಂದು 1991ರಲ್ಲಿ ವರದಿಯಾಯಿತು.

ಈಗ ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜಿ, ಚಿಕ್ಕಪ್ಪ, ಅತ್ತೆ ಸರದಿಯಂತೆ ‘ಹಳ್ಳಿ’ ಅಥವಾ ‘ಹಲ್ಲಿ’ ಎನ್ನುತ್ತಾರೆ, ಮಗಳು ಚಿತ್ರ ಮುಟ್ಟುತ್ತಾಳೆ. ಮೊದಲ ವಾರ 20ರಲ್ಲಿ 10 ಸರಿ, ಅಂದರೆ ಬರೀ ಊಹೆ. ಹೋದ ವಾರ 14.